ಸೊಸೆ ಕುಡಿಯುವ ನೀರು

ಮದುವೆಯಾಗಿ ಮನೆಗೆ ಬಂದ ದಿನ ನನ್ನ ಸೊಸೆ ಮಲ್ಲಿಗಾ ನಮ್ಮ ಬಾವಿಯ ನೀರನ್ನು ಬಾಯಿಗೆ ಹಾಕಿಕೊಂಡಳು. ನುಂಗಲೂ ಆಗದೆ, ಉಗುಳಲೂ ಆಗದೆ, ಕೆನ್ನೆ ಉಬ್ಬಿಸಿಕೊಂಡು ನಿಂತಳು. ಹೊಸ ಹುಡುಗಿ, ಸುತ್ತ ನೆಂಟರು. ಕೊನೆಗೆ ಕಣ್ಣು ಮುಚ್ಚಿ ನುಂಗಿದಳು. ನಾನು ನೋಡಿದೆ, ನೋಡದವಳಂತೆ ಎಲೆ ಅಡಿಕೆ ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಅವಳದೂ ತಪ್ಪಲ್ಲ. ಹುಟ್ಟಿ ಬೆಳೆದದ್ದು ಬೆಟ್ಟದ ಮೇಲಿನ ವಾಲ್ಪಾರೈಯಲ್ಲಿ. ಅವಳ ಅಪ್ಪ ಗೋವಿಂದಸಾಮಿ ನಮ್ಮ ಕುಲದವರೇ ಆದರೂ ಮಗ್ಗ ಬಿಟ್ಟು ಬಹಳ ಕಾಲವಾಯಿತು. ಟೀ ತೋಟದ ಕೂಲಿ ಲೈನುಗಳಲ್ಲಿ ಸೀರೆ, ಪಂಚೆ ಮಾರುತ್ತಾರೆ. ಅಲ್ಲಿ ಮನೆಯ ಹಿಂದೆಯೇ ಹಳ್ಳ. ಬೊಗಸೆ ಹಿಡಿದರೆ ತಣ್ಣನೆಯ ಸಿಹಿ ನೀರು. ಇಲ್ಲಿ ಪಲ್ಲಡದ ದಾರಿಯ ನಮ್ಮ ನೇಕಾರರ ಬೀದಿಯಲ್ಲಿ ಇರುವುದು ಒಂದೇ ಬಾವಿ, ಅದೂ ಉಪ್ಪು. ಕೊಯಮತ್ತೂರು ಪೇಟೆಗೆ ಸಿರುವಾಣಿ ಹೊಳೆಯ ಸಿಹಿ ನೀರು ಪೈಪಿನಲ್ಲಿ ಬಂದು ಕೆಲವು ವರ್ಷವಾಗಿತ್ತು. ಎದುರು ಮನೆಯ ಕನ್ನಿಯಮ್ಮಾಳ್ ಅಲ್ಲಿನ ಆರ್.ಎಸ್. ಪುರಂನ ತನ್ನ ತಮ್ಮನ ಮನೆಗೆ ಹೋಗಿ ಬಂದಾಗಲೆಲ್ಲ, ಪೈಪಿನ ನೀರು ಕುಡಿದ ಸುದ್ದಿಯನ್ನು ಮದುವೆ ಊಟದ ಸುದ್ದಿಯಂತೆ ಹೇಳುತ್ತಿದ್ದಳು. ನಮ್ಮ ಬೀದಿಗೆ ಆ ಪೈಪು ಬರುವ ಲಕ್ಷಣ ಕಾಣಲಿಲ್ಲ.

ಇನ್ನೊಂದು, ಗಂಜಿ. ಬೆಳಗಾದರೆ ಬೀದಿಯುದ್ದಕ್ಕೂ ನೂಲಿನ ಹಾಸು ಕಟ್ಟಿ, ಹುಳಿ ಬಂದ ಅಕ್ಕಿ ಗಂಜಿಯನ್ನು ನೂಲಿಗೆ ಬಳಿಯುತ್ತೇವೆ. ಮಗ್ಗದ ಮೇಲೆ ನೂಲು ಹರಿಯಬಾರದಲ್ಲ. ಆ ವಾಸನೆ ಗೋಡೆಗೆ, ಸೀರೆಗೆ, ತಲೆದಿಂಬಿಗೆ ಎಲ್ಲಕ್ಕೂ ಹತ್ತಿರುತ್ತದಂತೆ. ಹತ್ತಿರುತ್ತದಂತೆ ಎಂದೆ, ಏಕೆಂದರೆ ನಮಗ್ಯಾರಿಗೂ ಅದು ಗೊತ್ತಾಗುವುದಿಲ್ಲ. ಮಲ್ಲಿಗಾ ಮಾತ್ರ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಬೀದಿ ದಾಟುತ್ತಿದ್ದಳು.

ಎರಡನೆಯ ದಿನ ನಾನೇ ಹೇಳಿದೆ. "ನಾವೆಲ್ಲಾ ಕುಡೀತಿಲ್ವಾ? ಏನಾಗದೆ ನಮ್ಗೆ? ನಾಕ್ ದಿನ ಹೋದ್ರೆ ಸರಿಯಾಗ್ತದೆ."

ಹೇಳಿದ ಮೇಲೆ ನನ್ನ ಬಾಯನ್ನು ನಾನೇ ಮುಟ್ಟಿ ನೋಡಿಕೊಳ್ಳುವಂತಾಯಿತು. ಅದು ನನ್ನ ಅತ್ತೆಯ ಮಾತು, ಒಂದಕ್ಷರ ಹೆಚ್ಚು ಕಮ್ಮಿ ಇಲ್ಲ. ಮೂವತ್ತು ವರ್ಷದ ಹಿಂದೆ ತುಡಿಯಲೂರಿನ ಸಿಹಿ ಬಾವಿ ಬಿಟ್ಟು ಬಂದ ನನಗೆ ಅವರು ಇದನ್ನೇ ಹೇಳಿದ್ದರು. ನಾಲ್ಕು ದಿನದಲ್ಲಿ ಸರಿಯಾಗಲಿಲ್ಲ, ನಾಲ್ಕು ವರ್ಷ ಹಿಡಿಯಿತು. ಆಮೇಲೆ ತವರಿನ ನೀರು ಹೇಗಿತ್ತೆಂಬುದೇ ಮರೆತುಹೋಯಿತು. ಅತ್ತೆಯ ಮೇಲಿನ ಆ ಸಿಟ್ಟು ಮಾತ್ರ ನನಗೆ ಮರೆತಿರಲಿಲ್ಲ.

ಹುಡುಗಿ ದಿನಕ್ಕೆ ಎರಡು ಲೋಟ ನೀರೂ ಕುಡಿಯುತ್ತಿರಲಿಲ್ಲ. ಬಿಸಿಲು ಏರಿದಂತೆ ತುಟಿ ಒಡೆಯಿತು, ಮುಖ ಬಾಡಿತು. ಮಗ ತಂಗವೇಲು ಮಗ್ಗದಲ್ಲಿ ಕೂತು ಲಾಳಿ ಎಸೆಯುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ. ಒಂದು ಮಧ್ಯಾಹ್ನ ಕನ್ನಿಯಮ್ಮಾಳ್ ಬಂದು ನನ್ನ ಕಿವಿಯಲ್ಲಿ ಹೇಳಿದಳು. "ನಿನ್ ಸೊಸೆ ನಂತಾವ ಏನಂದ್ಲು ಗೊತ್ತಾ ಕಾಮಾಕ್ಷಿ? ಆಡಿಗೆ ಅಪ್ಪ ಬಂದು ಕರ್ಕೊಂಡ್ ಹೋದ್ರೆ, ತಿರ್ಗಿ ಬರ್ತೀನೋ ಇಲ್ವೋ ಅಂತ."

ಆಡಿ ತಿಂಗಳಿಗೆ, ಅದೇ ನಿಮ್ಮ ಆಷಾಢಕ್ಕೆ, ಹೊಸ ಸೊಸೆ ತವರಿಗೆ ಹೋಗಿ, ಮುಂದಿನ ಆವಣಿ ತಿಂಗಳು ಹುಟ್ಟಿದ ಮೇಲೆ ಬರುವುದು ನಮ್ಮ ಪದ್ಧತಿ. ಬಂದೇ ಬರುತ್ತಾಳೆ ಎಂದುಕೊಂಡಿದ್ದೆ. ಆ ಮಾತು ಕೇಳಿ, ಇವಳನ್ನು ಹೇಗಾದರೂ ಉಳಿಸಿಕೊಳ್ಳಬೇಕು ಎಂದು ಅಂದೇ ಗಟ್ಟಿ ಮಾಡಿಕೊಂಡೆ. ಮಗನಿಗಾಗಿ ಅಂತ ಹೇಳಿದರೆ ಅರ್ಧ ಸುಳ್ಳು. ಹೆಣ್ಣು ಮಕ್ಕಳಿಲ್ಲದ ನನಗೆ ಅವಳು ಅಡುಗೆಮನೆಯಲ್ಲಿ ಗುನುಗುವುದು, ನನ್ನ ನರೆಗೂದಲು ಬಾಚಿ ಕೊಡುವುದು ಅಭ್ಯಾಸವಾಗಿಬಿಟ್ಟಿತ್ತು.

ಆಡಿಗೆ ಇನ್ನು ಎರಡೂವರೆ ತಿಂಗಳು ಇತ್ತು. ಕುಂಬಾರರ ಮನೆಗೆ ನಾನೇ ಹೋಗಿ, ಬೆರಳಿನಿಂದ ತಟ್ಟಿ ತಟ್ಟಿ, ಚೆನ್ನಾಗಿ ಬೆವರುವ ತೆಳುವಾದ ಮಡಕೆ ತಂದೆ. ಮೂರು ದಿನ ನೀರಲ್ಲಿ ನೆನೆಹಾಕಿ, ಒಣಗಿಸಿ, ಬೋರಲು ಹಾಕಿ ಸಾಂಬ್ರಾಣಿ ಹೊಗೆ ಹಿಡಿಸಿದೆ. ಬಾವಿ ನೀರನ್ನು ಚಿಟಿಕೆ ಜೀರಿಗೆ ಹಾಕಿ ಕುದಿಸಿದೆ. ತಳದಲ್ಲಿ ಸುಣ್ಣದಂತೆ ಬಿಳಿ ಕೂತಿತು. ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಮಡಕೆಗೆ ಹೊಯ್ದೆ. ಮಡಕೆಯ ಕೆಳಗೆ ಒದ್ದೆ ಮರಳು ಹಾಸಿದೆ. ಕೊನೆಗೆ ಒಂದು ಹಿಡಿ ವೆಟ್ಟಿವೇರು, ಅದೇ ನಿಮ್ಮ ಲಾವಂಚದ ಬೇರು, ಬಾಳೆನಾರಿನಲ್ಲಿ ಕಟ್ಟಿ ಒಳಗೆ ಬಿಟ್ಟೆ.

ನಮ್ಮ ಯಜಮಾನರು ಹಾಸು ಸರಿಮಾಡುತ್ತಾ ನೋಡಿದರು. "ನನ್ಗೆ ಮೂವತ್ ವರ್ಸದಿಂದ ಬರೀ ಬಾವಿ ನೀರು. ಸೊಸೆಗೆ ಮಾತ್ರ ಅಬಿಸೇಕವಾ?"

"ನೀವ್ ಎಲ್ಲೂ ಓಡ್ಹೋಗಲ್ಲ. ನಿಮ್ಗೆ ಅದೇ ಸಾಕು," ಎಂದೆ.

ಮಲ್ಲಿಗಾ ಮೊದಲ ದಿನ ಒಂದು ಲೋಟ ಕುಡಿದು, ಲೋಟ ಬೋರಲು ಹಾಕಿ ಹೋದಳು. ಉಪ್ಪು ಪೂರಾ ಹೋಗಿರಲಿಲ್ಲ, ಅದು ನನಗೂ ಗೊತ್ತು. ಕುಡಿಯುವ ಮೊದಲು ನಾಲಿಗೆಗೆ ಒಂದು ಚೂರು ಕರುಪಟ್ಟಿ ಕೊಡತೊಡಗಿದೆ. ತಾಳೆಬೆಲ್ಲದ ಆ ಸಿಹಿ ಬಾಯಲ್ಲಿರುವಾಗ ಉಪ್ಪು ಅಷ್ಟಾಗಿ ಮುಟ್ಟುವುದಿಲ್ಲ. ಹತ್ತು ದಿನದಲ್ಲಿ ಅವಳೇ ಮಡಕೆ ತೊಳೆಯತೊಡಗಿದಳು, ಮರಳು ಒದ್ದೆ ಮಾಡಿದಳು. ತುಟಿ ಸರಿಹೋಯಿತು. ಬೆಳಿಗ್ಗೆ ಗಂಜಿ ಬಳಿಯುವಾಗ ಒಂದು ಕುಂಚ ಹಿಡಿದುಕೊಂಡು ಬೀದಿಗೂ ಬಂದಳು. ಸೆರಗು ಸೊಂಟದಲ್ಲಿತ್ತು. ಇಷ್ಟಾದರೂ ಬಾಯಿ ಬಿಟ್ಟು "ಬರ್ತೀನಿ" ಎಂದು ಹೇಳಲಿಲ್ಲ. ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ಆಡಿಯ ಹಿಂದಿನ ದಿನ ಬೀಗರು ಬರುವವರಿದ್ದರು. ಅವರಿಗೆ ನಮ್ಮ ಮಡಕೆ ನೀರು ಕೊಟ್ಟು, ಮಗಳು ಎಷ್ಟು ಸುಖವಾಗಿದ್ದಾಳೆ ನೋಡಿ ಅನ್ನಬೇಕು. ಅದಕ್ಕಾಗಿ ಮುನ್ನಾದಿನ ಸಂಜೆ ಹೊಸ ಬೇರು ತಂದು, ದಿನದ್ದಕ್ಕಿಂತ ಎರಡರಷ್ಟು ದಪ್ಪ ಕಟ್ಟು ಮಾಡಿದೆ. ಬಾಳೆನಾರು ಪಟ್ಟನೆ ಹರಿಯಿತು. ಕೈಗೆ ಹತ್ತಿರ ಸಿಕ್ಕಿದ ನೂಲಿನ ಎಳೆಗಳನ್ನು ಒಂದು ಹಿಡಿ ಹೊಸೆದು, ಸುತ್ತಿ ಸುತ್ತಿ ಬಿಗಿದು, ಮಡಕೆಯಲ್ಲಿ ಬಿಟ್ಟು ನಿಶ್ಚಿಂತೆಯಾಗಿ ಮಲಗಿದೆ. ನಮ್ಮ ಮನೆಯಲ್ಲಿ ಕೈಗೆ ಸಿಗುವ ನೂಲೆಲ್ಲ ಗಂಜಿ ಕುಡಿದ ನೂಲು. ಅದು ನನ್ನ ತಲೆಗೆ ಹೊಳೆಯಲಿಲ್ಲ.

ಗೋವಿಂದಸಾಮಿ ಘಾಟಿ ಬಸ್ಸಿಳಿದು, ಪೊಳ್ಳಾಚಿಯ ಮೇಲೆ ಬಿಸಿಲಲ್ಲಿ ಬಂದಿದ್ದರು. ಹಿತ್ತಾಳೆ ಚೊಂಬಿನಲ್ಲಿ ನೀರು ತುಂಬಿ ನಾನೇ ಕೊಟ್ಟೆ. ಅವರು ಚೊಂಬನ್ನು ತುಟಿಯ ಹತ್ತಿರ ತಂದು, ಹಾಗೇ ತಡೆದರು. ಒಂದು ಗುಟುಕು ಕುಡಿದು ಕೆಳಗಿಟ್ಟರು.

"ತಪ್ಪು ತಿಳ್ಕೋಬ್ಯಾಡಿ ಸಂಬಂದಿ. ಹುಳಿ ಗಂಜಿ ವಾಸ್ನೆ ಹೊಡೀತದೆ. ನನ್ ಮಗ್ಳು ಇದನ್ನೇ ಕುಡೀತಾ ಇದಾಳಾ?"

ಚೊಂಬಿಗೆ ಮೂಗಿಟ್ಟೆ. ನನಗೆ ವೆಟ್ಟಿವೇರಿನ ಘಮ ಬಿಟ್ಟು ಏನೂ ತಿಳಿಯಲಿಲ್ಲ. ಚೊಂಬನ್ನು ಬೆಳಕಿಗೆ ಬಗ್ಗಿಸಿ ನೋಡಿದಾಗ ಮಾತ್ರ ಕಂಡಿತು. ನೀರು ಅಕ್ಕಿ ತೊಳೆದ ಕಲಗಚ್ಚಿನಂತೆ ಮಬ್ಬಾಗಿತ್ತು. ಆಗ ನೂಲು ನೆನಪಾಯಿತು.

"ಆಡಿ ಮುಗಿದ್ ಮೇಲೂ ನಾಕ್ ತಿಂಗ್ಳು ನಮ್ಮಲ್ಲೇ ಇರ್ಲಿ," ಎಂದರು ಅವರು ಮೆಲ್ಲಗೆ. "ಒಡಂಬು ಸ್ವಲ್ಪ ತೇರ್ಲಿ, ಮೈ ಕೈ ತುಂಬ್ಕೊಳ್ಲಿ. ಆಮೇಲೆ ನೋಡಾಣ."

ತಂಗವೇಲು ಮಗ್ಗದಿಂದ ಎದ್ದು ನಿಂತ. ಆ "ಆಮೇಲೆ" ಎಂದರೆ ಏನೆಂದು ನನಗೂ ಅರ್ಥವಾಯಿತು. ಎರಡೂವರೆ ತಿಂಗಳ ಕೆಲಸವನ್ನು ನನ್ನ ಕೈಯಿಂದಲೇ ಹಾಳು ಮಾಡಿಕೊಂಡೆನಲ್ಲ ಎಂದು ಅಳು ಬಂತು.

ಅಷ್ಟರಲ್ಲಿ ಮಲ್ಲಿಗಾ ಬಟ್ಟೆಗಂಟು ಹಿಡಿದುಕೊಂಡು ಒಳಗಿನಿಂದ ಬಂದಳು. ಗಂಟು ಇಳಿಸಿ, ಅಪ್ಪ ಬಿಟ್ಟ ಚೊಂಬನ್ನು ಎತ್ತಿ, ಗಟಗಟನೆ ಅರ್ಧ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಏನ್ ವಾಸ್ನೆ ಅಪ್ಪಾ?" ಎಂದಳು. ಚೊಂಬಿನೊಳಗೆ ಮೂಗಿಟ್ಟು ಮತ್ತೆ ಎಳೆದು ನೋಡಿದಳು. "ವೆಟ್ಟಿವೇರು ವಾಸ್ನೆ ತಾನೆ. ಅತ್ತೆ ಇವತ್ತು ಜಾಸ್ತಿ ಹಾಕಿ, ನೂಲಲ್ಲಿ ಕಟ್ಟವ್ರೆ."

ಅವಳು ನಾಟಕ ಆಡುತ್ತಿರಲಿಲ್ಲ. ನಾಟಕ ಆಡಿದರೆ ಅವಳ ಕಿವಿ ಕೆಂಪಾಗುತ್ತದೆ, ಅದು ನನಗೆ ಗೊತ್ತು. ಗೋವಿಂದಸಾಮಿ ಚೊಂಬನ್ನೂ ಮಗಳ ಮುಖವನ್ನೂ ನೋಡಿದರು. ಮಗ್ಗ ಬಿಟ್ಟವರಾದರೂ ಮಗ್ಗದ ಮನೆಯಲ್ಲೇ ಹುಟ್ಟಿದವರು. ಅವರ ಅಮ್ಮನಿಗೂ ಆ ವಾಸನೆ ಗೊತ್ತಾಗುತ್ತಿರಲಿಲ್ಲವೋ ಏನೋ. ಕೊನೆಗೆ ನಕ್ಕರು.

"ಸರಿ ಬುಡು. ಆವಣಿ ಒಂದಕ್ಕೆ ನಾನೇ ತಂದ್ ಬುಡ್ತೀನಿ," ಎಂದರು.

ಹೇಳಿದಂತೆ ಆವಣಿಯ ಮೊದಲ ದಿನವೇ ಬಂದಳು. ಒಂದು ತಿಂಗಳು ಹಳ್ಳದ ನೀರು ಕುಡಿದು ಕೆನ್ನೆ ತುಂಬಿತ್ತು. ಅಷ್ಟು ಹೊತ್ತಿಗೆ ನಾನು ಮಡಕೆಯನ್ನು ಉಜ್ಜಿ, ಒಣಗಿಸಿ, ಹೊಸ ಬೇರನ್ನು ಬಾಳೆನಾರಿನಲ್ಲೇ ಕಟ್ಟಿ, ಕನ್ನಡಿಯಂಥ ನೀರು ತುಂಬಿಸಿಟ್ಟಿದ್ದೆ. ಅವಳು ಕಾಲು ತೊಳೆದು ನೇರವಾಗಿ ಮಡಕೆಯ ಹತ್ತಿರ ಹೋಗಿ ಒಂದು ಲೋಟ ಕುಡಿದಳು. ಇನ್ನೊಂದು ಗುಟುಕು ಬಾಯಲ್ಲಿಟ್ಟು, ತಲೆ ಓರೆ ಮಾಡಿ ಯೋಚಿಸಿದಳು.

"ಚೆನ್ನಾಗದೆ ಅತ್ತೆ," ಎಂದಳು. "ಆದ್ರೆ ಏನೋ ಒಂದ್ ಕಮ್ಮಿ. ಈ ಸಲ ನಮ್ ನೂಲ್ ಕಟ್ಲಿಲ್ವಾ?"