ಎಣ್ಣೆ ಮರದ ಊರುಗೋಲು

ಮರದ ವಿಷಯ ಬಂದರೆ ಬಡಗಿಯ ಬಾಯಿಗೆ ಬೀಗ ಹಾಕುವವರು ಯಾರೂ ಇರಲಿಲ್ಲ. ಬೀದಿಯವರು ಅವನಿಗೆ 'ಪ್ರೊಫೆಸರ್' ಎಂದು ಹೆಸರಿಟ್ಟಿದ್ದರು. ಅದು ಗೇಲಿ ಎಂದು ಅವನಿಗೆ ತಿಳಿಯಲು ಏಳು ವರ್ಷ ಹಿಡಿಯಿತು. ತಿಳಿದ ಮೇಲೂ ಒಳಗೊಳಗೇ ಖುಷಿಯಾಗುತ್ತಿತ್ತು ಎಂದು ಅವನೇ ಒಪ್ಪಿಕೊಳ್ಳುತ್ತಾನೆ.

ಹೆಂಡತಿ ಮೆಟ್ಟಿಲಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಮೂರು ತಿಂಗಳಾಗಿತ್ತು. ಮೂಳೆ ಕೂಡಿತ್ತು, ಧೈರ್ಯ ಕೂಡಿರಲಿಲ್ಲ. ಈಗ ನಡೆಯದಿದ್ದರೆ ಕಾಲು ಹಾಗೇ ಸೆಟೆದುಕೊಳ್ಳುತ್ತದೆ ಎಂದು ಡಾಕ್ಟರು ಗದರಿದ್ದರು. ಆದರೂ ಅವಳು ಮಂಚ ಬಿಟ್ಟು ಇಳಿಯಲೊಲ್ಲಳು. ಕೊನೆಗೊಂದು ದಿನ, "ನೀವೇ ಒಂದು ಕೋಲು ಮಾಡ್ಕೊಡಿ, ನೋಡೋಣ" ಎಂದಳು.

ಬಡಗಿ ಉಬ್ಬಿಹೋದ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅಲ್ಲಿ ಜೋಪಾನವಾಗಿಟ್ಟಿದ್ದ ಕಬ್ಬಿಣಮರದ ತುಂಡನ್ನು ಹೊರತೆಗೆದ. ನೀರಿಗೆ ಹಾಕಿದರೆ ಕಲ್ಲಿನಂತೆ ಮುಳುಗುವ ಮರ. ಮೊಳೆ ಹೊಡೆದರೆ ಮೊಳೆಯೇ ಬಾಗುತ್ತದೆ. ಎರಡು ಗರಗಸಗಳ ಹಲ್ಲು ಮೊಂಡಾದವು, ಅವನ ರಟ್ಟೆ ಬಿದ್ದುಹೋಯಿತು. ಮೈಯೆಲ್ಲ ಎಣ್ಣೆ ತುಂಬಿದ ಈ ಮರದ ಹತ್ತಿರ ಗೆದ್ದಲು ಸುಳಿಯುವುದಿಲ್ಲ, ನಿಜ. ಆದರೆ ಅಂಟೂ ಹಿಡಿಯುವುದಿಲ್ಲ. ಸ್ಪಿರಿಟ್ಟಿನಲ್ಲಿ ಒರೆಸಿ, ಎಣ್ಣೆ ಮತ್ತೆ ಮೇಲಕ್ಕೆ ಬರುವ ಮೊದಲೇ ಅಂಟು ಹಚ್ಚಿ ಬಿಗಿಯಬೇಕು.

ಇದನ್ನು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಕೋಲನ್ನೂ ಅದರ ಹಿಡಿಯನ್ನೂ ಸ್ಪಿರಿಟ್ಟಿನಲ್ಲಿ ಒರೆಸಿದ. ಅಷ್ಟರಲ್ಲಿ ಪಕ್ಕದ ಅಂಗಡಿಯ ದರ್ಜಿ ಬಂದು, "ಒರೆಸೋದ್ಯಾಕೆ?" ಎಂದು ಕೇಳಿಬಿಟ್ಟ. ಒರೆಸಿದ ತಕ್ಷಣ ಅಂಟಿಸದಿದ್ದರೆ ಏನಾಗುತ್ತದೆ ಎಂಬುದನ್ನು ಪ್ರೊಫೆಸರ್ ಮುಕ್ಕಾಲು ಗಂಟೆ ಉದಾಹರಣೆ ಸಮೇತ ವಿವರಿಸಿದ. ಆಮೇಲೆ ಅಂಟಿಸಿದ.

ಭಾನುವಾರ ಬೆಳಿಗ್ಗೆ ಅವಳು ಕೋಲು ಹಿಡಿದು ಎದ್ದಳು. ಒಂದು ಹೆಜ್ಜೆ, ಎರಡು, ಮೂರು. ನಾಲ್ಕನೆಯದಕ್ಕೆ ಕೋಲೆತ್ತುವಾಗ ಹಿಡಿ ಟಪ್ಪೆಂದು ಕಳಚಿ ಅವಳ ಕೈಯಲ್ಲೇ ಉಳಿಯಿತು, ಕೋಲು ನೆಲಕ್ಕೆ ಬಿತ್ತು. ಅವಳನ್ನು ಹಿಡಿಯಲು ಓಡಿದ ಬಡಗಿ ಉರುಳುತ್ತಿದ್ದ ಕೋಲಿನ ಮೇಲೆ ಕಾಲಿಟ್ಟು ತಾನೇ ಅಂಗಾತ ಬಿದ್ದ.

ಅವಳು ಬೀಳಲಿಲ್ಲ.

"ಮೊನ್ನೆ ನೀವು ದರ್ಜಿಗೆ ಹೇಳ್ತಿದ್ದಿದ್ದು ಒಳಗೆ ಕೇಳಿಸ್ತಿತ್ತು. ಅದಕ್ಕೇ ಕೋಲಿನ ಮೇಲೆ ಭಾರ ಹಾಕಿರಲಿಲ್ಲ," ಎಂದಳು. ಹಾಗೆಂದ ಮೇಲೆಯೇ ಅವಳಿಗೂ ಹೊಳೆದದ್ದು. ತನ್ನ ಕಾಲುಗಳನ್ನು ಒಮ್ಮೆ ನೋಡಿಕೊಂಡು, ಏನನ್ನೂ ಊರದೆ, ಮೆಲ್ಲಗೆ ಅವನ ಬಳಿಗೆ ನಡೆದು ಬಂದಳು.

ಬಿದ್ದಲ್ಲೇ ಬಡಗಿಗೆ ಅಳು ಬಂತು. ನಾಚಿಕೆಗೋ ಸಂತೋಷಕ್ಕೋ ಅವನಿಗೇ ತಿಳಿಯಲಿಲ್ಲ.

"ಅಳೋದು ಆಮೇಲೆ," ಎಂದು ಅವಳು ಹಿಡಿಯನ್ನು ಅವನ ಕೈಗಿಟ್ಟಳು. "ಮೊದಲು ಇದನ್ನ ಸರಿಯಾಗಿ ಅಂಟಿಸಿ. ಬಾಗಿಲು ಹಾಕ್ಕೊಂಡು."