ಮೊದಲ ತಟ್ಟೆ

ಬ್ರಿಜ್‌ಟೌನ್‌ನ ಹಳೇ ಸೇತುವೆಯ ಮೇಲೆ ನಿಂತು ವೆರೋನಾ ಪ್ರತಿ ಶನಿವಾರ ಪ್ರವಾಸಿಗರಿಗೆ ಹೇಳುವ ಊರಿನ ಕಥೆಯನ್ನೇ ಇಂದೂ ಹೇಳಿದಳು. ನಗಬೇಕಾದ ಕಡೆ ಅವರು ನಕ್ಕರು. ಮಾತು ತನ್ನಷ್ಟಕ್ಕೆ ತಾನು ಬರುತ್ತಿತ್ತು. ಅವಳು ಅದರ ಪಕ್ಕದಲ್ಲಿ ಸುಮ್ಮನೆ ನಡೆಯುತ್ತಿದ್ದಳು. ಸ್ವಾನ್ ಬೀದಿಯ ಮೂಲೆಯಲ್ಲಿ ಎಲ್ಲರಿಗೂ ಮೌಬಿ ಕೊಡಿಸಿದಳು. ತೊಗಟೆ ಕುದಿಸಿ ಮಾಡುವ ಆ ಕಹಿ ಪಾನಕಕ್ಕೆ ಹೊಸಬರು ಮುಖ ಕಿವುಚುವುದನ್ನು ನೋಡುವುದು ಅವಳಿಗೆ ಹಿಂದೆಲ್ಲ ಮೋಜಾಗಿತ್ತು. ಅವಳೂ ಒಂದು ಗುಟುಕು ಕುಡಿದಳು. ಬರೀ ನೀರು ಕುಡಿದಂತಿತ್ತು.

ಅಕ್ಕ ಯೂನೆಟ್‌ಳನ್ನು ಮಣ್ಣು ಮಾಡಿದಂದಿನಿಂದ ಹೀಗೇ. ಜ್ವರವಿಲ್ಲ, ಮೂಗು ಕಟ್ಟಿಲ್ಲ. ಅಳುವೂ ಬಂದಿಲ್ಲ. ಬಾಯಿಗೆ ಹಾಕಿದ್ದು ಬಿಸಿಯೋ ತಣ್ಣಗೋ ಎಂದಷ್ಟೇ ತಿಳಿಯುತ್ತದೆ. ಊರಿನ ರುಚಿ ತೋರಿಸಿ ಹೊಟ್ಟೆ ಹೊರೆಯುವವಳು ಇದನ್ನು ಯಾರ ಹತ್ತಿರ ಹೇಳಿಕೊಂಡಾಳು?

ಈ ಪ್ರವಾಸಗಳನ್ನು ನಡೆಸುವ ಶರ್ಲಂಡ್ ಬೆಳಿಗ್ಗೆ ಫೋನು ಮಾಡಿದ್ದ. “ಕೊನೇಲಿ ಎಲ್ರೂ ಊಟಕ್ಕೆ ನಿಮ್ಮಕ್ಕನ ಅಂಗಡಿಗೇ ಹೋಗ್ಲಿ ಅಂತ ನಂಗೂ ಆಸೆ ವೆರೋನಾ. ಆದ್ರೆ ಈಗ ಅಡುಗೆ ಮಾಡೋರು ನಿಮ್ಮ ಭಾವ. ತಿಂದು ನೋಡು. ಮೊದಲಿನ ಹಾಗಿಲ್ಲ ಅಂದ್ರೆ ಮುಂದಿನ ವಾರದಿಂದ ಬೇರೆ ಕಡೆ. ನಿನ್ನ ನಾಲಿಗೆ ಏನನ್ನುತ್ತೋ ಅದೇ.”

ಅಂಗಡಿ ಇದ್ದದ್ದು ಚೀಪ್‌ಸೈಡ್ ಮಾರುಕಟ್ಟೆಯ ಹಿಂದೆ. ಶನಿವಾರ ಬಂತೆಂದರೆ ಜನ ಬೋಗುಣಿ ಹಿಡಿದು ಪುಡಿಂಗ್ ಮತ್ತು ಸೌಸ್ ತರಲು ಹೊರಡುತ್ತಾರೆ: ಕರುಳಿನಲ್ಲಿ ಗೆಣಸಿನ ತುರಿ ತುಂಬಿ ಬೇಯಿಸಿದ್ದು, ಜೊತೆಗೆ ನಿಂಬೆರಸ, ಸೌತೆಕಾಯಿ, ಮೆಣಸಿನಕಾಯಿಯಲ್ಲಿ ನೆನೆದ ಹಂದಿಮಾಂಸ. ಆದರೆ ಯಾರು ಮಾಡಿದರೂ ತಿನ್ನುವವರಲ್ಲ. ಒಬ್ಬಳ ಕೈಗೆ ಒಗ್ಗಿದರೆ ಸಾಯುವವರೆಗೂ ಅವಳದೇ. ವೆರೋನಾ ಪ್ರವಾಸಿಗರೊಂದಿಗೆ ಬಂದಾಗ, ಯೂನೆಟ್ ಸತ್ತ ಮೇಲೆ ಮುಚ್ಚಿದ್ದ ಅಂಗಡಿ ತೆರೆದಿತ್ತು. ಒಳಗೆ ಅವಳ ಗಂಡ ಕ್ಲೆವಿಸ್ಟನ್, ಅವಳದೇ ಏಪ್ರನ್ ಕಟ್ಟಿಕೊಂಡು ನಿಂತಿದ್ದ. ಗಿರಾಕಿಗಳೆಲ್ಲ ಎದುರು ಬದಿಯ ನೆರಳಿನಲ್ಲಿದ್ದರು. ಬೋಗುಣಿಗಳು ಖಾಲಿ.

“ಮೊನ್ನೆವರೆಗೂ ಬಸ್ಸಿನ ಸ್ಟಿಯರಿಂಗ್ ಹಿಡಿದ ಕೈ ಅದು,” ಎಂದ ಒಬ್ಬ.

“ಹಾರ್ನ್ ಹೊಡೆದು ಬಡಿಸ್ತಾನೇನೋ,” ಎಂದಳು ಮುದುಕಿ ಮಿಸ್ ಆಟ್ಲಿ. ಯೂನೆಟ್‌ಳ ಅತಿ ಹಳೆಯ ಗಿರಾಕಿ ಅವಳು.

ಇಲ್ಲಿ ಮೊದಲ ತಟ್ಟೆ ಯಾವಾಗಲೂ ವೆರೋನಾಳದು. ಬೀದಿಗೆ ಮುಖಮಾಡಿ, ನಿಂತೇ ತಿನ್ನುತ್ತಿದ್ದಳು. ಆಮೇಲೆ ಪ್ರವಾಸಿಗರು. ಕ್ಲೆವಿಸ್ಟನ್ ತಟ್ಟೆ ತುಂಬಿ ಅವಳತ್ತ ನೀಡಿದ. ತಿಂದರೆ ಏನಾದರೂ ಹೇಳಬೇಕಾಗುತ್ತದೆ. ಅವಳು ತಟ್ಟೆಯನ್ನು ಪಕ್ಕದಲ್ಲಿದ್ದ ಪ್ರವಾಸಿಗನಿಗೆ ದಾಟಿಸಿಬಿಟ್ಟಳು.

“ಚೆನ್ನಾಗಿದೆ,” ಎಂದ ಅವನು. ಮೌಬಿಗೂ ಅವನು ಹಾಗೇ ಅಂದಿದ್ದ.

ಎದುರು ಬದಿಯಲ್ಲಿ ಮಿಸ್ ಆಟ್ಲಿ ಬೋಗುಣಿಗೆ ಬಟ್ಟೆ ಮುಚ್ಚಿ ತಿರುಗಿ ನಡೆದಳು. ಅವಳ ಹಿಂದೆ ಇನ್ನಿಬ್ಬರು ಹೊರಟರು. ಆಗಷ್ಟೇ ವೆರೋನಾಳಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಸತ್ತವಳ ತಂಗಿಯೇ ತಿನ್ನದ ಕೈಯಡುಗೆಯನ್ನು ಇನ್ಯಾರು ತಿಂದಾರು?

“ನೀನೂನಾ?” ಎಂದ ಕ್ಲೆವಿಸ್ಟನ್, ಮೆಲ್ಲಗೆ.

“ಹಾಗಲ್ಲ ಭಾವ. ನಂಗೆ ರುಚಿನೇ ಗೊತ್ತಾಗ್ತಿಲ್ಲ. ಅಕ್ಕ ಹೋದಾಗಿಂದ.”

ಅವನು ಸೌಟು ಕೆಳಗಿಟ್ಟ. “ನಾನು ತಿಂದು ತಿಂದು ನೋಡಿದ್ದೀನಿ ಕಣೇ. ಒಂದ್ಸಲ ಥೇಟ್ ಅವಳದೇ ಅನ್ಸುತ್ತೆ, ಇನ್ನೊಂದ್ಸಲ ಸೋಪು ತಿಂದಂಗಿರುತ್ತೆ. ನೀನು ಹೇಳ್ತೀಯ ಅಂತಿದ್ದೆ.”

ವೆರೋನಾ ತಾನೇ ಒಂದು ತಟ್ಟೆ ಬಡಿಸಿಕೊಂಡು ಅಂಗಡಿಯ ಮುಂದಕ್ಕೆ ಹೋದಳು. ಬೀದಿಗೆ ಮುಖಮಾಡಿ ತಿಂದಳು. ಪುಡಿಂಗ್ ಮೆತ್ತಗಿತ್ತು, ಮಾಂಸ ತಣ್ಣಗಿತ್ತು. ಅಗಿದಳು, ನುಂಗಿದಳು, ತಟ್ಟೆ ಖಾಲಿ ಮಾಡಿದಳು.

ಯಾರೋ ಕೂಗಿ ಹೇಳಿರಬೇಕು, ಮಿಸ್ ಆಟ್ಲಿ ವಾಪಸು ಬಂದಳು. “ಹೇಗಿದೆ?”

ಚೆನ್ನಾಗಿದೆ ಎಂದರೆ ಮುಗಿದುಹೋಗುತ್ತಿತ್ತು. ಆ ಮಾತೂ ಬಾಯಿಗೆ ಬರಲಿಲ್ಲ. “ಗೊತ್ತಿಲ್ಲ ಮಿಸ್ ಆಟ್ಲಿ. ತಿಂದೆ ಅಷ್ಟೇ.”

ಮುದುಕಿ ಅವಳ ಮುಖವನ್ನು ದಿಟ್ಟಿಸಿದಳು. “ಗಂಡ ಹೋದಾಗ ನಂಗೂ ಹಾಗಾಗಿತ್ತು. ವರ್ಷಗಟ್ಟಲೆ,” ಎಂದು, ಬಟ್ಟೆ ತೆಗೆದು ಬೋಗುಣಿ ಚಾಚಿದಳು. ಕ್ಲೆವಿಸ್ಟನ್ ಹಾಕಿದ. ಅವಳು ಅಲ್ಲೇ ಒಂದು ಚೂರು ಬಾಯಿಗಿಟ್ಟುಕೊಂಡಳು. ಬೀದಿಯೆಲ್ಲ ಅವಳ ದವಡೆಯನ್ನೇ ನೋಡುತ್ತಿತ್ತು.

“ಉಪ್ಪು ಸುರಿದಿದ್ದೀಯಲ್ಲೋ. ಯೂನೆಟ್ ಇದ್ದಿದ್ರೆ ಸೌಟಲ್ಲೇ ಬಾರಿಸ್ತಿದ್ಲು. ಮುಂದಿನ ಶನಿವಾರ ಕಮ್ಮಿ ಹಾಕು,” ಎಂದಳು. “ಮಾಂಸ ಇನ್ನೊಂದು ತುಂಡು ಹಾಕು. ಜಿಪುಣ.”

ಉಳಿದವರು ಒಬ್ಬೊಬ್ಬರಾಗಿ ರಸ್ತೆ ದಾಟಿದರು.

ವೆರೋನಾ ಪಕ್ಕಕ್ಕೆ ಸರಿದು ಶರ್ಲಂಡ್‌ಗೆ ಫೋನು ಮಾಡಿದಳು. “ಉಪ್ಪು ಜಾಸ್ತಿಯಂತೆ. ನಾನು ಹೇಳ್ತಿರೋದಲ್ಲ, ಮಿಸ್ ಆಟ್ಲಿ ಹೇಳಿದ್ದು. ಮುಂದಿನ ವಾರವೂ ಅವರು ಬರ್ತಾರೆ.”

“ಮಿಸ್ ಆಟ್ಲಿ ತಗೊಂಡ್ರಾ?”

“ತಗೊಂಡ್ರು.”

“ಹಾಗಾದ್ರೆ ನಾವೂ ಬರೋಣ,” ಎಂದ.

ಅವಳಿಗೆ ಖುಷಿಯಾಗಬೇಕಿತ್ತು. ಆಗುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದಳು. ಪ್ರವಾಸಿಗರಲ್ಲೊಬ್ಬಳು ಬಂದು ಕೈ ತೊಳೆಯುವುದೆಲ್ಲಿ ಎಂದು ಕೇಳಿದಳು. ವೆರೋನಾ ನಲ್ಲಿ ತೋರಿಸಿದಳು.