ರೀಲು

"ಅದನ್ನೂ ಹಾಕಿಬಿಡಿ," ಅಂದಳು ಹೆಂಡತಿ.

ಅವನ ಕೈಯಲ್ಲಿದ್ದದ್ದು ಕೊನೆಯ ಕ್ಯಾಮೆರಾ. ಅದರ ತೊಗಲಿನ ಪಟ್ಟಿ ಬೆವರು ಕುಡಿದು ಕುಡಿದು ಕರ್ರಗಾಗಿ ಸೆಟೆದುಕೊಂಡಿತ್ತು. ಹಳೆಯ ಟವೆಲ್ಲಿನಲ್ಲಿ ಸುತ್ತಿದ. ಬಿಚ್ಚಿದ. ಮತ್ತೆ ಸುತ್ತಿದ. ಹೆಂಡತಿ ಕೈಗಡಿಯಾರ ನೋಡಿಕೊಂಡಳು. ಅವಳು ಹಲ್ಲಿನ ಡಾಕ್ಟರು. ಕ್ಲಿನಿಕ್ಕಿನಲ್ಲಿ ಆಗಲೇ ಯಾರೋ ಕೆನ್ನೆ ಹಿಡಿದುಕೊಂಡು ಕೂತಿರುತ್ತಾರೆ.

"ಅಳಬೇಕು ಅನ್ನಿಸಿದ್ರೆ ಅತ್ತುಬಿಡಿ. ನಾನು ಆಚೆ ಹೋಗ್ತೀನಿ."

"ಅಳೋದಕ್ಕೇನಿದೆ?"

"ಹಲ್ಲು ಕೀಳಿಸ್ಕೊಂಡೋರೂ ಹಾಗೇ ಅಂತಾರೆ. ಆಮೇಲೆ ಇಡೀ ದಿನ ನಾಲಿಗೆ ಅಲ್ಲೇ ಓಡಾಡ್ತಿರುತ್ತೆ."

ಅವಳು ಹೋದ ಮೇಲೆ ಅವನು ನಿಜವಾಗಿಯೂ ಹುಡುಕಿಕೊಂಡ, ದುಃಖ ಎಲ್ಲಾದರೂ ಇದೆಯೋ ಎಂದು. ಇರಲಿಲ್ಲ. ಇದು ಅವನಿಗೆ ತುಸು ಅವಮಾನವೆನಿಸಿತು. ಅರ್ಧ ಆಯುಷ್ಯ ಈ ಭಾರಗಳನ್ನು ಕೊರಳಿಗೆ ನೇತುಹಾಕಿಕೊಂಡು ಪತ್ರಿಕೆಗಾಗಿ ಅಲೆದವನು. ಈಗ ಅದೇ ಪತ್ರಿಕೆಯ ಚಿತ್ರ ಸಂಪಾದಕ. ಬೇರೆಯವರು ತೆಗೆದದ್ದನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಕುಗ್ಗಿಸಿ, ಅಂಚು ಕತ್ತರಿಸುವವನು. ಬೀರುವಿನಲ್ಲಿ ಧೂಳು ತಿನ್ನುತ್ತಿದ್ದ ಕ್ಯಾಮೆರಾಗಳನ್ನು ಕೊಟ್ಟುಬಿಡುವಾಗಲಾದರೂ ಹೊಟ್ಟೆ ಉರಿಯಬೇಕಿತ್ತು. ಬದಲಿಗೆ ಹೊಟ್ಟೆ ಹಸಿದಿತ್ತು.

ಛಾಯಾಗ್ರಹಣ ಕಲಿಸುವ ಕಾಲೇಜಿನ ಅಧ್ಯಾಪಕಿ ಫೋನಿನಲ್ಲಿ ಹೇಳಿದ್ದರು: "ನಮ್ಮ ಮಕ್ಕಳು ರೀಲು ಹಾಕೋ ಕ್ಯಾಮೆರಾ ಮುಟ್ಟಿಯೂ ನೋಡಿಲ್ಲ ಸಾರ್. ಹಳೇದಾದ್ರೂ ಪರವಾಗಿಲ್ಲ. ಕೊಡೋವಾಗ ನಾಲ್ಕು ಮಾತಾಡಿ." ನಾಲ್ಕು ಮಾತು ಸಿದ್ಧವಾಗಿದ್ದವು. 'ನೋಡುವುದು ಬೇರೆ, ಕಾಣುವುದು ಬೇರೆ' ಎಂದು ಆರಂಭ. ಅದನ್ನೇ ತಿರುಗಿಸಿ ಹೇಳಿದರೆ ಮುಕ್ತಾಯ.

ಬಸ್ಸಿನಲ್ಲಿ ರಟ್ಟಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ತಬ್ಬಿ ಕೂತ. ಪಕ್ಕದ ಅಜ್ಜಿ ನೋಡುವಷ್ಟು ಹೊತ್ತು ನೋಡಿದರು.

"ಏನಪ್ಪಾ ಅದು, ಅಷ್ಟು ಜೋಪಾನ?"

"ನಾಯಿಮರಿ," ಅಂದ.

ಯಾಕೆ ಹಾಗಂದನೋ ಅವನಿಗೇ ತಿಳಿಯಲಿಲ್ಲ. ಚಿತ್ರದ ಕೆಳಗಿನ ಬರಹದಲ್ಲಿ ಒಂದು ಒತ್ತಕ್ಷರ ತಪ್ಪಿದರೂ ನಿದ್ದೆಗೆಡುವ ಮನುಷ್ಯ ಅವನು.

"ಸದ್ದೇ ಇಲ್ವಲ್ಲ?"

"ಮಲಗಿದೆ."

"ಪಾಪ. ತಾಯಿಯಿಂದ ಬಿಡಿಸ್ಕೊಂಡು ಬಂದ್ಯಾ?"

"ತಾಯಿ ಇಲ್ಲ ಅದಕ್ಕೆ."

ಅಜ್ಜಿಯ ಕಣ್ಣು ತುಂಬಿತು. ಡಬ್ಬದ ಮೇಲೆ ಕೈಯಿಟ್ಟು ಮೆಲ್ಲಗೆ ತಟ್ಟಿದರು. ಅದೇ ಹೊತ್ತಿಗೆ ಬಸ್ಸು ರಸ್ತೆಯ ಉಬ್ಬು ಹಾರಿ, ಡಬ್ಬದೊಳಗೆ ಏನೋ ಟಣ್ ಅಂತು.

"ಕೊರಳಿನ ಗಂಟೆ," ಅಂದ ತಕ್ಷಣ.

"ಎಷ್ಟು ಚಂದ ಸದ್ದು! ಒಂದು ಸಲ ಮುಖ ತೋರಿಸಪ್ಪಾ."

ಮುಖ ತೋರಿಸುವ ಬದಲು ಅವನು ಎದ್ದು ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟ. ಕಾಲೇಜು ಇನ್ನೂ ದೂರವಿತ್ತು. ಡಬ್ಬ ಹೊತ್ತುಕೊಂಡು ನಡೆದ. ನಡೆಯುತ್ತಾ ನಗು ಬಂತು. ತಡೆದಷ್ಟೂ ಉಕ್ಕಿತು. ಎದುರಿಗೆ ಬಂದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ತರಗತಿ ಮೇಲಿನ ಮಹಡಿಯಲ್ಲಿತ್ತು. ಒಂದು ಕಡೆ ಉದ್ದಕ್ಕೂ ಕಿಟಕಿ. ಇನ್ನೊಂದು ಕಡೆ ಚಿತ್ರ ತೆಗೆಯುವುದಕ್ಕೆಂದೇ ಸುಣ್ಣದಷ್ಟು ಬೆಳ್ಳಗೆ ಬಣ್ಣ ಬಳಿದ ಗೋಡೆ. ಅಧ್ಯಾಪಕಿ, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ಚುರುಕಿನ ಹೆಂಗಸು, ಅವನ ಪರಿಚಯ ಮಾಡಿಕೊಟ್ಟರು. ಅವನು ಗಂಟಲು ಸರಿಮಾಡಿಕೊಂಡ.

"ನೋಡುವುದು ಬೇರೆ..."

ಯಾರೂ ನೋಡುತ್ತಿರಲಿಲ್ಲ. ಡಬ್ಬ ಆಗಲೇ ತೆರೆದುಕೊಂಡಿತ್ತು. ಗುಂಗುರು ಕೂದಲಿನ ಹುಡುಗಿಯೊಬ್ಬಳು ಒಂದು ಕ್ಯಾಮೆರಾ ಎತ್ತಿ, ಹಿಂದೆ ಮುಂದೆ ತಿರುಗಿಸಿ ಕೇಳಿದಳು: "ಸಾರ್, ಇದರಲ್ಲಿ ಫೋಟೋ ಎಲ್ಲಿ ಕಾಣುತ್ತೆ?"

"ಕಾಣಲ್ಲ."

"ಮತ್ತೆ ಬಂದಿದೆ ಅಂತ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ. ರೀಲು ಮುಗಿಯೋವರೆಗೆ ಕಾಯಬೇಕು. ತೊಳೆದ ಮೇಲೆ ಗೊತ್ತಾಗೋದು."

"ಅಯ್ಯೋ ದೇವರೇ, ಮದುವೆಯಾದ ಹಾಗೆ!"

ತರಗತಿ ಹೋ ಎಂದಿತು. ಅಧ್ಯಾಪಕಿಯೂ ನಕ್ಕರು. ಅವನ ನಾಲ್ಕು ಮಾತು ಎಲ್ಲಿ ಬಿದ್ದು ಹೋದವೋ ಮತ್ತೆ ಸಿಗಲಿಲ್ಲ. ಅವನು ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಹುಡುಗರ ನಡುವೆ ನೆಲದ ಮೇಲೆ ಕೂತುಬಿಟ್ಟ.

ಉದ್ದಕ್ಕೆ ಬೆಳೆದ ಒಬ್ಬನನ್ನು ಎಲ್ಲರೂ 'ಏಣಿ' ಅನ್ನುತ್ತಿದ್ದರು. ಅವನ ಕೈಗೆ ಬಂದ ಕ್ಯಾಮೆರಾದ ಮೂಲೆ ನಜ್ಜುಗುಜ್ಜಾಗಿತ್ತು.

"ಈ ಪೆಟ್ಟು ಹೇಗೆ ಬಿತ್ತು ಸಾರ್?"

ಅವನು ನೋಡಿದ. ಗೊತ್ತಿರಲಿಲ್ಲ. ವರ್ಷಗಟ್ಟಲೆ ಆ ಮೂಲೆಯ ಮೇಲೆ ಹೆಬ್ಬೆರಳಿಟ್ಟವನು, ಒಂದು ದಿನವೂ ಕೇಳಿಕೊಂಡಿರಲಿಲ್ಲ. ಸುತ್ತ ಮುಖಗಳು ಬಾಯಿ ತೆರೆದು ಕಾಯುತ್ತಿದ್ದವು.

"ಹಡಗಿನಲ್ಲಿ," ಅಂದ. "ಬಿರುಗಾಳಿ. ನಾನು ಸಮುದ್ರಕ್ಕೆ ಬೀಳ್ತೀನಿ ಅಂತ ಕಪ್ತಾನ ನನ್ನನ್ನ ಹಗ್ಗದಲ್ಲಿ ಕಂಬಕ್ಕೆ ಕಟ್ಟಿಹಾಕಿದ. ಅಲೆ ಬಂದು ಹೊಡೀತು ನೋಡಿ. ನನ್ನ ತಲೆಗೆ ಬೀಳೋ ಪೆಟ್ಟು ಇದರ ತಲೆಗೆ ಬಿತ್ತು."

ಅವನು ಹಡಗು ಹತ್ತಿದವನೇ ಅಲ್ಲ. ಏಣಿ ಆ ಪೆಟ್ಟನ್ನು ಮಗುವಿನ ನೆತ್ತಿಯಂತೆ ಸವರಿದ.

"ನಂದು ಸಾರ್, ನಂದು?" ಎಂದಳು ಗುಂಗುರು ಕೂದಲಿನವಳು.

"ಅದರ ಲೆನ್ಸನ್ನ ಒಂದು ಸಲ ಸಿಂಹ ನೆಕ್ಕಿದೆ."

ಅವಳು ಒರೆಸಲೆಂದು ಎತ್ತಿದ ಬಟ್ಟೆಯನ್ನು ಹಾಗೇ ಕೆಳಗಿಟ್ಟಳು.

ಇನ್ನೊಂದು ಕ್ಯಾಮೆರಾ, ಮಂತ್ರಿಯೊಬ್ಬರ ಕೃತಕ ಕೂದಲು ಭಾಷಣದ ನಡುವೆ ಗಾಳಿಗೆ ಹಾರಿ ಮರದಲ್ಲಿ ಕೂತದ್ದನ್ನು ಕಂಡಿತ್ತು. ಕಾಗೆಯೊಂದು ಅದರಲ್ಲಿ ಸಂಸಾರ ಹೂಡಿತ್ತು. ಹುಡುಗರು ನೆಲಕ್ಕೆ ಬಡಿದು ನಗುತ್ತಿದ್ದರು. ಅವನಿಗೂ ಉಸಿರು ಹಿಡಿಯುವಷ್ಟು ನಗು. ಆ ಕ್ಯಾಮೆರಾಗಳು ನಿಜವಾಗಿ ಕಂಡದ್ದು ಕತ್ತರಿಸಿದ ರಿಬ್ಬನ್ನು, ಕುಲುಕಿದ ಕೈ, ಮೈಕಿನ ಹಿಂದಿನ ಬಾಯಿ. ಒಂದರ ಮೇಲೊಂದು ಬಿದ್ದು ಎಲ್ಲವೂ ಒಂದೇ ಕೈ, ಒಂದೇ ಬಾಯಿ ಆಗಿದ್ದವು. ಸಿಂಹದ ನಾಲಿಗೆ ಮಾತ್ರ ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು; ಅದರ ಬಿಸಿಯುಸಿರಿಗೆ ಗಾಜು ಮಂಜಾದದ್ದೂ.

"ಆ ಫೋಟೋಗಳನ್ನ ನೋಡಬಹುದಾ ಸಾರ್?"

"ಕಚೇರಿಗೆ ನೀರು ನುಗ್ಗಿದಾಗ ಹೋದವು."

ಕಚೇರಿ ನಾಲ್ಕನೆಯ ಮಹಡಿಯಲ್ಲಿತ್ತು. ಅಲ್ಲಿಗೆ ನಲ್ಲಿಯ ನೀರೇ ಏರುತ್ತಿರಲಿಲ್ಲ.

ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಹುಡುಗಿಯ ಪಾಲಿಗೆ ಕರಿ ಪಟ್ಟಿಯ ಕ್ಯಾಮೆರಾ ಉಳಿದಿತ್ತು. ಅವಳು ಅದನ್ನು ಕೊರಳಿಗೆ ಹಾಕಿಕೊಂಡು, ತುಂಬಾ ಹೊತ್ತಿನ ಮೇಲೆ, "ಇದಕ್ಕೆ ಕಥೆ ಇಲ್ವಾ ಸಾರ್?" ಅಂದಳು.

ಇತ್ತು. ಇದೊಂದಕ್ಕೆ ನಿಜವಾದದ್ದೇ ಇತ್ತು. ಅವನಿಗೆ ಇದ್ದಕ್ಕಿದ್ದಂತೆ ಅದನ್ನು ಕೊಡಬೇಕೆನ್ನಿಸಿತು.

"ಆಗಷ್ಟೇ ಕೆಲಸಕ್ಕೆ ಸೇರಿದ್ದೆ," ಅಂದ, ತಗ್ಗಿದ ದನಿಯಲ್ಲಿ. "ಬಸ್ ನಿಲ್ದಾಣದಲ್ಲಿ ಎದುರಿಗೆ ಒಬ್ಬಳು ಹಲ್ಲಿನ ಡಾಕ್ಟರಿಕೆ ಓದೋ ಹುಡುಗಿ. ಕೈಯಲ್ಲಿ ಪ್ಲಾಸ್ಟರಿನ ಹಲ್ಲುಸೆಟ್ಟು. ಬಸ್ಸು ಬರಲೇ ಇಲ್ಲ. ಅವಳು ಆ ಹಲ್ಲುಸೆಟ್ಟಿನ ಬಾಯಿ ತೆಗೆದು ಮುಚ್ಚಿ, ಅದರ ಬಾಯಲ್ಲಿ ಡ್ರೈವರನ್ನ ಬೈಸ್ತಿದ್ಲು. ನಾನು ಫೋಟೋ ತೆಗೆದೆ. ನಗು ಬಂದು ಕೈ ಅಲುಗಾಡಿಬಿಡ್ತು. ಬರೀ ಮಬ್ಬು. ಆದ್ರೂ ಕೊಡೋ ನೆಪದಲ್ಲಿ ಹುಡುಕ್ಕೊಂಡು ಹೋದೆ. ಈಗ ಅವಳೇ ನನ್ನ ಹೆಂಡತಿ."

ಏಣಿ ಇಲ್ಲವೆಂಬಂತೆ ತಲೆಯಾಡಿಸಿದ.

"ಸಾರ್, ಹಡಗು ಒಪ್ಪಿದ್ವಿ. ಸಿಂಹಾನೂ ಒಪ್ಪಿದ್ವಿ. ಇದು ಮಾತ್ರ ರೀಲು."

ತರಗತಿಯೇ ಕುಣಿಯಿತು. "ರೀಲು ಬಿಡ್ತಿದ್ದೀರಿ ಸಾರ್! ರೀಲು, ರೀಲು!" ಸುಮ್ಮನಿದ್ದ ಹುಡುಗಿಯೂ ಕ್ಯಾಮೆರಾ ಅವುಚಿಕೊಂಡು ನಗುತ್ತಿದ್ದಳು. ಅವನೂ ನಕ್ಕ. ನಕ್ಕು, ಒಂದು ನಿಮಿಷ ಅಂತ ಹೇಳಿ, ಹೊರಗೆ ಮೊಗಸಾಲೆಗೆ ಬಂದು ಹೆಂಡತಿಗೆ ಫೋನು ಮಾಡಿದ.

"ಅತ್ರಾ?" ಅಂದಳು.

"ಇಲ್ಲ. ಕೇಳು, ಆ ಬಸ್ ನಿಲ್ದಾಣದ ಫೋಟೋ. ಹಲ್ಲುಸೆಟ್ಟು ಹಿಡ್ಕೊಂಡಿದ್ಯಲ್ಲ ನೀನು."

"ಯಾವ ಬಸ್ ನಿಲ್ದಾಣ? ನಮ್ಮಪ್ಪ ದಿನಾ ಸ್ಕೂಟರಿನಲ್ಲಿ ಬಿಡ್ತಿದ್ರು. ಬಾಯಿ ಅಗಲವಾಗಿ ತೆಗೀರಿ. ನಿಮಗಲ್ಲ, ಇವರಿಗೆ."

"ಹಾಗಾದ್ರೆ ನಾವು ಸಿಕ್ಕಿದ್ದು ಎಲ್ಲಿ?"

"ನಿಮ್ಮ ದೊಡ್ಡಕ್ಕನ ದವಡೆ ಹಲ್ಲು ಕಿತ್ತಿದ್ದು ಯಾರು? ಆಸ್ಪತ್ರೆ ಬಾಗಿಲಲ್ಲಿ ಅವರಿಗಿಂತ ಜಾಸ್ತಿ ಹೆದರ್ಕೊಂಡು ನಿಂತಿದ್ರಲ್ರೀ ನೀವು. ಏನಾಗಿದೆ ಇವತ್ತು?"

"ಏನಿಲ್ಲ. ಚೆನ್ನಾಗಿದೀನಿ."

"ದನಿ ಕೇಳಿದ್ರೇ ಗೊತ್ತಾಗುತ್ತೆ. ಬೇಗ ಬನ್ನಿ," ಎಂದು ನಗುತ್ತಲೇ ಫೋನಿಟ್ಟಳು.

ಹೌದು, ಆಸ್ಪತ್ರೆಯ ಬಾಗಿಲು. ಸ್ಪಿರಿಟ್ಟಿನ ವಾಸನೆ. ದೊಡ್ಡಕ್ಕನ ಊದಿದ ಕೆನ್ನೆ. ಹೇಳಿದೊಡನೆ ಎಲ್ಲ ಬಂದು ನಿಂತಿತು. ಹಾಗಾದರೆ ನಿಲ್ದಾಣದಲ್ಲಿದ್ದವಳು ಯಾರು? ಆ ಮಬ್ಬು ಚಿತ್ರವನ್ನು ತೆಗೆದದ್ದು ತಾನೇ, ಅಥವಾ ಇನ್ಯಾರೋ ತೆಗೆದು, ತಾನು ಅಂಚು ಕತ್ತರಿಸಿದ್ದೇ?

ಭಯವಾಗಬೇಕಿತ್ತು. ಅವನು ಗೋಡೆಗೊರಗಿ ಕಾದ. ಭಯ ಬರಲಿಲ್ಲ. ಮೈ ಹಗುರಾಗಿತ್ತು, ಯಾರದೋ ಸಾಮಾನನ್ನು ಇಷ್ಟು ದಿನ ಹೊತ್ತು ಕೊನೆಗೆ ವಾರಸುದಾರರಿಗೆ ಒಪ್ಪಿಸಿದ ಹಾಗೆ. ತನ್ನದು ಎನ್ನುವುದಕ್ಕೆ ಏನೂ ಉಳಿಯದಿದ್ದರೆ ಇಷ್ಟು ಸುಖವೇ? ಒಳಗಿನಿಂದ ಶಟರಿನ ಸದ್ದು, ನಗು, ಯಾರೋ ಯಾರನ್ನೋ ಬೈಯುವುದು.

"ಸಾರ್, ಬನ್ನಿ! ನಿಮ್ಮನ್ನ ತೆಗೀಬೇಕು."

ಕೈಹಿಡಿದು ಎಳೆದುಕೊಂಡೇ ಹೋಗಿ ಬೆಳ್ಳನೆಯ ಗೋಡೆಯ ಮುಂದೆ ನಿಲ್ಲಿಸಿದರು. ಅಧ್ಯಾಪಕಿ ಕಿಟಕಿಗಳನ್ನೆಲ್ಲ ತೆರೆದರು. ಬಿಸಿಲು ಬಂದು ಗೋಡೆಗೆ ಬಡಿಯಿತು.

"ಹೇಗೆ ನಿಲ್ಲಲಿ?"

"ನೀವು ಹೇಗಿದ್ದೀರೋ ಹಾಗೇ ನಿಲ್ಲಿ ಸಾರ್."

ಅವನು ಕೈಗಳನ್ನು ಜೇಬಿಗೆ ಹಾಕಿದ. ತೆಗೆದ. ಬೆನ್ನ ಹಿಂದೆ ಕಟ್ಟಿದ. ಯಾವುದೂ ಹಾಗೇ ಅನ್ನಿಸಲಿಲ್ಲ. ಕೊನೆಗೆ ಸುಮ್ಮನೆ ನಕ್ಕುಬಿಟ್ಟ, ಹುಡುಗರಿಗೆ ಅದೇ ಬೇಕಾಗಿತ್ತು. "ಸೂಪರ್ ಸಾರ್! ಹಾಗೇ ಇರಿ!" ಕ್ಲಿಕ್ ಕ್ಲಿಕ್ ಎಂದು ಎಲ್ಲ ಕಡೆಯಿಂದ ಮುತ್ತಿದರು.

ಎದುರಿನ ಹುಡುಗಿ ರೀಲು ಮುಂದೂಡುವ ಕಡ್ಡಿಯನ್ನು ಎಳೆದಳು. ರೀಲಿದ್ದರೆ ಎಡಗಡೆಯ ತಿರುಗುಗುಂಡಿ ಜೊತೆಗೇ ತಿರುಗಬೇಕು. ತಿರುಗಲಿಲ್ಲ. ಅವನು ಪಕ್ಕದವನದನ್ನು ನೋಡಿದ. ಅದೂ ತಿರುಗಲಿಲ್ಲ.

"ರೀಲು ಹಾಕಿಲ್ವಾ?"

"ಇನ್ನೂ ಬಂದಿಲ್ಲ ಸಾರ್. ಮುಂದಿನ ವಾರ ಬರುತ್ತಂತೆ. ಈಗ ಸುಮ್ನೆ ಅಭ್ಯಾಸ."

"ಓ," ಅಂದ.

"ಚೂರು ಹಿಂದಕ್ಕೆ ಹೋಗಿ ಸಾರ್, ಗೋಡೆಗೆ ಅಂಟ್ಕೊಳ್ಳಿ."

ಅವನು ಹೋದ. ಬೆಳಕಿಗೆ ಕಣ್ಣು ಕೋರೈಸುತ್ತಿತ್ತು. ಅರ್ಧಚಂದ್ರಾಕಾರವಾಗಿ ನಿಂತ ಲೆನ್ಸುಗಳಲ್ಲಿ ಒಂದೊಂದರಲ್ಲೂ ಬೆಳ್ಳನೆಯ ಗೋಡೆ, ಅದರ ನಡುವೆ ಸಾಸಿವೆಯಷ್ಟು ಒಬ್ಬ ಮನುಷ್ಯ ನಗುತ್ತಿದ್ದ. ಶಟರು ತೆರೆಯಿತು, ಮುಚ್ಚಿತು. ಒಳಗೆ ಹೋದ ಬೆಳಕು ಎಲ್ಲೂ ಅಂಟದೆ ಆರಿತು. ಮತ್ತೆ ತೆರೆಯಿತು, ಮತ್ತೆ ಮುಚ್ಚಿತು.

ಅವನು ಗದ್ದ ಎತ್ತಿದ.

"ಇನ್ನೊಂದು," ಅಂದ.